ಉತ್ತಮ ಪುರುಷನ ವಿಮೆ

ನಮ್ಮ ಮನೆಯ ಮುಂದಿನ ಕೋಣೆಯ ಗೋಡೆಯನ್ನು ಕೆಡವಿದವನು ನಾನೇ. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹಾರೆ ಗುದ್ದಲಿಗಳ ಹಂಗಿಲ್ಲದೆ, ಕೂಲಿಯವರನ್ನು ಕರೆಯದೆ, ಒಂದು ತೊಟ್ಟು ಪೆಟ್ರೋಲನ್ನೂ ಉರಿಸದೆ ಕೆಡವಿದೆನೆಂಬ ಮುಖ್ಯ ಸಂಗತಿಯನ್ನು ಬಂಧುಗಳಾಗಲಿ ನೆರೆಹೊರೆಯವರಾಗಲಿ ಅಪ್ಪಿತಪ್ಪಿಯೂ ಆಡುವುದಿಲ್ಲ. ಲೋಕವು ಬಿದ್ದ ಇಟ್ಟಿಗೆಗಳನ್ನು ಎಣಿಸುತ್ತದೆ. ಉಳಿದ ಇಂಧನವನ್ನು ಗಣಿಸುವುದಿಲ್ಲ. ಅದಕ್ಕಾಗಿಯೇ ನಡೆದುದನ್ನು ನಡೆದಂತೆ ನಾನೇ ನಿರೂಪಿಸಲು ಹೊರಟಿದ್ದೇನೆ. (ನನ್ನ ಹೆಂಡತಿ ನಿರೂಪಿಸಿದ್ದರೆ ಕಥೆ ಬೇರೆಯಾಗುತ್ತಿತ್ತು. ಪುಣ್ಯಕ್ಕೆ ಅವಳಿಗೀಗ ಹೊಲಿಗೆಯಿಂದ ಬಿಡುವಿಲ್ಲ.)

ನಾನು ವೃತ್ತಿಯಿಂದ ವ್ಯಾಕರಣದ ಅಧ್ಯಾಪಕ, ಪ್ರವೃತ್ತಿಯಿಂದ ಗ್ರಂಥಪ್ರೇಮಿ. ನನ್ನ ಗ್ರಂಥಗಳಿಗೆ ಈ ಮನೆಯಲ್ಲಿ ನೆಲೆಯೆಂಬುದಿರಲಿಲ್ಲ. ಕೆಲವು ಮಂಚದ ಕೆಳಗೆ ಅಜ್ಞಾತವಾಸದಲ್ಲಿದ್ದವು, ಕೆಲವು ಬಚ್ಚಲುಮನೆಯ ಅಟ್ಟದ ಮೇಲೆ ನಿತ್ಯವೂ ಆವಿಸ್ನಾನ ಮಾಡುತ್ತಿದ್ದವು. ಮುಂದಿನ ಕೋಣೆಯೋ, ಪೂರ್ವದ ಬೆಳಕು ತುಂಬಿದ, ಗಾಳಿಯಾಡುವ, ಗ್ರಂಥಾಲಯವಾಗಲೆಂದೇ ಹುಟ್ಟಿದ ಕೋಣೆ. ಆದರೆ ಅದರ ಮೇಲೆ ನನ್ನ ಹೆಂಡತಿಗೂ ಕಣ್ಣಿತ್ತು. ಅವಳು ಹೊಲಿಗೆಯಲ್ಲಿ ನಿಪುಣೆ. ಅಲ್ಲಿ ಒಂದು ಹೊಲಿಗೆ ತರಗತಿ ತೆರೆಯಬೇಕೆಂಬುದು ಅವಳ ಬಹುಕಾಲದ ಬಯಕೆ. ಅವಳ ಯಂತ್ರ ಅಡುಗೆಮನೆಯ ಮೂಲೆಯಲ್ಲಿ, ಹಿಟ್ಟಿನ ಡಬ್ಬದ ಪಕ್ಕದಲ್ಲಿತ್ತು. ಹೀಗಾಗಿ ನಮ್ಮ ಅಂಗಿಗಳಲ್ಲಿ ಹಿಟ್ಟೂ ಹಿಟ್ಟಿನಲ್ಲಿ ಗುಂಡಿಗಳೂ ಸಿಕ್ಕುವುದು ವಾಡಿಕೆಯಾಗಿತ್ತು.

ಕೋಣೆಯೊಂದು, ಆಕಾಂಕ್ಷಿಗಳಿಬ್ಬರು. ವರ್ಷಗಟ್ಟಲೆ ಅದು ಖಾಲಿಯಾಗಿಯೇ ಉಳಿಯಿತು.

ಒಂದು ದಿನ ಊಟದ ಹೊತ್ತಿನಲ್ಲಿ ನಾನು ಸಂಧಾನದ ಮಾತೆತ್ತಿದೆ.

“ನೋಡು, ಈ ಮನೆಯಲ್ಲಿ ದುಡ್ಡು ನೀರಿನಂತೆ ಹರಿಯುತ್ತಿದೆ. ವಿಮೆಗೆ ಹರಿಯುತ್ತಿದೆ, ವಿದ್ಯುತ್ತಿಗೆ ಹರಿಯುತ್ತಿದೆ, ಕಾರಿಗೆ ಹರಿಯುತ್ತಿದೆ. ಒಂದು ವರ್ಷ ಈ ಮೂರು ಖಾತೆಗಳನ್ನೂ ನನ್ನ ವಶಕ್ಕೆ ಬಿಡು. ನಾನು ಅಣೆಕಟ್ಟು ಕಟ್ಟಿ ತೋರಿಸುತ್ತೇನೆ.”

“ಕಟ್ಟಿ. ನನಗೇನು ಸಿಗುತ್ತೆ?”

“ವರ್ಷದ ಕೊನೆಗೆ ಉಳಿತಾಯ ಕಾಣದಿದ್ದರೆ ಮುಂದಿನ ಕೋಣೆ ನಿನ್ನ ಹೊಲಿಗೆಗೆ.”

“ಕಂಡರೆ?”

“ನನ್ನ ಗ್ರಂಥಗಳಿಗೆ.”

ಅವಳು ಅನ್ನ ಬಡಿಸುತ್ತಿದ್ದ ಸೌಟನ್ನು ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು. “ಮಾತು ತಪ್ಪಬಾರದು ರೀ.”

“ಮೇಷ್ಟ್ರ ಮಾತು” ಎಂದೆ, ಎದೆಯುಬ್ಬಿಸಿ.

“ಅದಕ್ಕೇ ಹೇಳಿದ್ದು” ಎಂದಳು.

ಕಾಲೇಜಿಗೆ ಹೋಗುವ ನಮ್ಮ ಮಗಳು ಇಬ್ಬರ ಕೈಗಳನ್ನೂ ಹಿಡಿದು ಒಂದರ ಮೇಲೊಂದಿಟ್ಟು ಒಪ್ಪಂದಕ್ಕೆ ಸಾಕ್ಷಿಯಾದಳು.

ಮೊದಲು ವಿದ್ಯುತ್ತಿನ ಖಾತೆಗೆ ಕೈಯಿಕ್ಕಿದೆ. ಸಂಜೆಯಾದ ಮೇಲೆ ಮನೆಮಂದಿಯೆಲ್ಲ ಒಂದೇ ದೀಪದಡಿಯಲ್ಲಿ ಕುಳಿತುಕೊಳ್ಳತಕ್ಕದ್ದೆಂದು ವಿಧಿಸಿದೆ. ಹೊಲಿಗೆಯಂತ್ರಕ್ಕಿದ್ದ ಮೋಟಾರನ್ನು ಕಳಚಿ, ಕಾಲಿನಿಂದ ತುಳಿದರೆ ಆರೋಗ್ಯವೆಂದು ಉಪದೇಶಿಸಿದೆ. ಮಧ್ಯಾಹ್ನದ ವೇಳೆ ಫ್ರಿಜ್ಜಿಗೆ ವಿಶ್ರಾಂತಿ ಕೊಟ್ಟೆ. (ಹಾಲು ಒಡೆಯಿತು. ಅದರೊಡನೆ ಮನೆಯ ಶಾಂತಿಯೂ ಒಡೆಯಿತು. ಆ ಆಜ್ಞೆಯೊಂದನ್ನು ಹಿಂತೆಗೆದುಕೊಂಡೆ.) ಇವೆಲ್ಲಕ್ಕೂ ಕಲಶಪ್ರಾಯವಾದುದು ಗೇಟಿನ ದೀಪದ ವಿಷಯ. ನಮ್ಮ ಎದುರುಮನೆಯವರು ಉದಾರಿಗಳು. ಅವರ ಜಗುಲಿಯ ದೀಪದ ಬೆಳಕು ರಸ್ತೆ ದಾಟಿ ನಮ್ಮ ಗೇಟಿನ ಮೇಲೆಯೇ ಬೀಳುತ್ತದೆ. ಸೂರ್ಯನಿಂದ ಬೆಳಕನ್ನು ಪಡೆದು ಚಂದ್ರನೇ ಬದುಕುತ್ತಿರುವಾಗ ನಮ್ಮ ಗೇಟಿಗೆ ಪ್ರತ್ಯೇಕ ದೀಪದ ಆಡಂಬರವೇಕೆ? ಬಲ್ಬನ್ನು ಬಿಚ್ಚಿ ಕಪಾಟಿನಲ್ಲಿಟ್ಟೆ.

ಅನಂತರ ಕಾರು. ಭಾರ ಕಡಿಮೆಯಾದಷ್ಟೂ ಪೆಟ್ರೋಲು ಉಳಿಯುತ್ತದೆಂದು ಓದಿದ್ದೆ. ಡಿಕ್ಕಿಯಲ್ಲಿದ್ದ ಹಳೆಯ ಛತ್ರಿಗಳು, ಜಮಖಾನೆ, ಯಾರೋ ಚಿಕ್ಕಮ್ಮನಿಗೆ ಕೊಡಬೇಕೆಂದಿಟ್ಟು ಮರೆತ ಹಿತ್ತಾಳೆಯ ಕೊಡ, ಎಲ್ಲವನ್ನೂ ಇಳಿಸಿದೆ.

“ಅಪ್ಪಾ, ಮುಂದೆ ಅಮ್ಮನನ್ನೂ ಇಳಿಸ್ತೀರಾ?” ಎಂದಳು ಮಗಳು.

“ಭಾರ ಇಳೀಬೇಕಾದರೆ ಮೊದಲು ನಿಮ್ಮಪ್ಪ ಇಳೀಲಿ” ಎಂದಳು ಹೆಂಡತಿ. “ಅವರ ತಲೇಲಿರೋ ವ್ಯಾಕರಣ ಒಂದನ್ನ ತೆಗೆದಿಟ್ಟರೂ ಡಿಕ್ಕಿ ತುಂಬಿಹೋಗುತ್ತೆ.”

ಆದರೆ ನನ್ನ ನಿಜವಾದ ಸಂಶೋಧನೆಯೆಂದರೆ ಇಳಿಜಾರು. ನಮ್ಮ ಬೀದಿ ಔಷಧಿಯ ಅಂಗಡಿಯ ಮುಂದೆ ನೆತ್ತಿಗೇರಿ, ಅಲ್ಲಿಂದ ನಮ್ಮ ಮನೆಯವರೆಗೆ ಇಳಿಯುತ್ತಲೇ ಬರುತ್ತದೆ. ಭಗವಂತನು ಅಷ್ಟು ಉದ್ದಕ್ಕೂ ಧರ್ಮಾರ್ಥವಾಗಿ ಇಂಧನವನ್ನು ಸುರಿದಿಟ್ಟಿರುವಾಗ ಮನುಷ್ಯನು ಎಂಜಿನ್ನನ್ನು ಉರಿಸುವುದು ದೈವದ್ರೋಹವಲ್ಲವೆ? ನಾನು ಅಂಗಡಿಯ ಮುಂದೆಯೇ ಎಂಜಿನ್ನನ್ನು ಆರಿಸಿ, ಗೇರನ್ನು ತಟಸ್ಥಗೊಳಿಸಿ, ಮೋಡದಂತೆ ತೇಲುತ್ತ ಇಳಿದು ಬಂದು, ಗೇಟಿನೊಳಗೆ ಹಂಸದಂತೆ ತಿರುಗಿ ನಿಲ್ಲುತ್ತಿದ್ದೆ. ನಿತ್ಯವೂ ನಾನು ಬರುವ ಹೊತ್ತಿಗೆ ಹೆಂಡತಿ ಗೇಟನ್ನು ತೆರೆದಿಡುತ್ತಿದ್ದಳು. ಎಂಜಿನ್ನಿನ ಸದ್ದಿಲ್ಲ, ಹೊಗೆಯಿಲ್ಲ, ಖರ್ಚಿಲ್ಲ. ಆ ಕ್ಷಣಗಳಲ್ಲಿ ನನಗಾಗುತ್ತಿದ್ದ ಹೆಮ್ಮೆಯನ್ನು ವರ್ಣಿಸಲು ನನ್ನ ವೃತ್ತಿಯ ಪದಗಳೂ ಸಾಲವು.

ಇನ್ನುಳಿದದ್ದು ವಿಮೆ. ಇಲ್ಲಿ ನನ್ನ ಭಾವಮೈದನನ್ನು ಪರಿಚಯಿಸಬೇಕು. ಹೆಂಡತಿಯ ಈ ತಮ್ಮ ವಿಮಾ ಏಜೆಂಟು. ಮಗಳು ಚಿಕ್ಕವಳಿದ್ದಾಗ “ವಿಮಾ ಮಾವ” ಎನ್ನಲು ಬಾರದೆ “ವಿಮಾನ ಮಾವ” ಎಂದಳು. ಹೆಸರು ಹಾಗೆಯೇ ನಿಂತಿತು. ಹೆಸರಿಗೆ ತಕ್ಕಂತೆ ಅವನು ದೊಡ್ಡ ಗದ್ದಲದೊಡನೆ ನಮ್ಮ ಮನೆಯಲ್ಲಿಳಿಯುತ್ತಾನೆ, ಕಾಫಿ ತುಂಬಿಸಿಕೊಂಡು ಮತ್ತೆ ಹಾರುತ್ತಾನೆ. ಮನೆಯ ವಿಮೆಯನ್ನೂ ಕಾರಿನ ವಿಮೆಯನ್ನೂ ಅಷ್ಟು ವರ್ಷ ಅವನೇ ಮಾಡಿಸುತ್ತಿದ್ದ.

“ಭಾವ, ಎರಡೂ ಮುಗೀತಾ ಬಂತು. ಮನೇದು, ಕಾರಿಂದು. ಪೂರ್ತಿ ರಕ್ಷಣೇದೇ ಮಾಡಿಸಿಬಿಡೋಣ.”

“ಮನೆಯದು ಬೇಡ” ಎಂದೆ. “ಕ್ಷಮೆಯಿರುವ ಮನೆಗೆ ವಿಮೆಯೇಕೆ?”

“ಭಾವ, ಕ್ಷಮೆ ಗೋಡೆ ಕಟ್ಟಿಕೊಡಲ್ಲ.”

“ಕಾರಿನದನ್ನು ನಾನೇ ನೋಡಿಕೊಳ್ಳುತ್ತೇನೆ” ಎಂದೆ. ಅವನು ಮುಖ ಸಣ್ಣದು ಮಾಡಿಕೊಂಡು, ಕಾಫಿಯನ್ನು ಮಾತ್ರ ಪೂರ್ತಿ ಕುಡಿದು ಹೊರಟುಹೋದ.

ಮಾರನೆಯ ದಿನ ನಾನೇ ವಿಮಾ ಕಚೇರಿಗೆ ಫೋನು ಮಾಡಿದೆ. ಒಬ್ಬ ಹೆಣ್ಣುಮಗಳು ಮೃದುವಾಗಿ ಮಾತಾಡಿದಳು.

“ಎರಡು ಥರ ಇದೆ ಸರ್. ಎಲ್ಲರಿಗೂ ಅನ್ವಯಿಸೋದು ಒಂದು, ಅದಕ್ಕೆ ಜಾಸ್ತಿ ಆಗುತ್ತೆ. ಮೂರನೇ ವ್ಯಕ್ತಿಗೆ ಮಾತ್ರ ಅನ್ವಯಿಸೋದು ಇನ್ನೊಂದು, ಅದು ತುಂಬಾ ಕಡಿಮೆ.”

ಓದುಗರೆ, ಇಲ್ಲಿ ಒಂದು ಕ್ಷಣ ನಿಲ್ಲಬೇಕು. ವ್ಯಾಕರಣದಲ್ಲಿ ಪುರುಷರು ಮೂವರು. “ಅವನು, ಅವಳು, ಅವರು” ಎಂಬುದು ಪ್ರಥಮ ಪುರುಷ. “ನೀನು” ಎಂಬುದು ಮಧ್ಯಮ ಪುರುಷ. “ನಾನು” ಎಂಬುದು ಉತ್ತಮ ಪುರುಷ. ಈ ಕ್ರಮವನ್ನು ತಲೆತಲಾಂತರದಿಂದ ವಿದ್ಯಾರ್ಥಿಗಳು ಉರುಹೊಡೆದಿದ್ದಾರೆ. ನಾನಂತೂ ಹೊಡೆದು ಉರುಹಾಕಿಸಿದ್ದೇನೆ. ಹಾಗಾದರೆ ಎಣಿಸಿ ನೋಡಿ: ಮೊದಲನೆಯ ವ್ಯಕ್ತಿ ಬೀದಿಯಲ್ಲಿ ಹೋಗುವ ಯಾವನೋ ಅವನು, ಎರಡನೆಯ ವ್ಯಕ್ತಿ ಎದುರಿಗೆ ನಿಂತ ನೀನು, ಮೂರನೆಯ ವ್ಯಕ್ತಿ ಸಾಕ್ಷಾತ್ ನಾನು! ನನಗೊಬ್ಬನಿಗೆ ಮಾತ್ರ ಅನ್ವಯಿಸುವ ವಿಮೆ ಅಗ್ಗವಾಗಿರುವುದು ನ್ಯಾಯವೇ. ಊರಿನವರನ್ನೆಲ್ಲ ನನ್ನ ಖರ್ಚಿನಲ್ಲಿ ಕಾಪಾಡುವುದಕ್ಕೆ ನಾನೇನು ಚಕ್ರವರ್ತಿಯೆ?

“ಮೂರನೆಯ ವ್ಯಕ್ತಿಗೆ ಇದ್ದರೆ ಸಾಕಮ್ಮ” ಎಂದೆ. “ಅವನೊಬ್ಬ ಕ್ಷೇಮವಾಗಿದ್ದರೆ ಆಯಿತು. ಮಿಕ್ಕವರನ್ನು ದೇವರು ನೋಡಿಕೊಳ್ಳುತ್ತಾನೆ.”

“ಎಂಥಾ ದೊಡ್ಡ ಮನಸ್ಸು ಸರ್ ನಿಮ್ಮದು!” ಎಂದಳು. ಆಕೆಯ ದನಿ ಗದ್ಗದವಾಗಿತ್ತೆಂದು ನನ್ನ ನೆನಪು. ಹೊಗಳಿಕೆಗೆ ಕಾರಣ ನನಗೆ ತಿಳಿಯಲಿಲ್ಲ. ಆದರೆ ಹೊಗಳಿಕೆಯನ್ನು ಕಾರಣ ಕೇಳಿ ಹಿಂದಿರುಗಿಸುವ ದುರಭ್ಯಾಸ ನನಗಿಲ್ಲ.

ವರ್ಷ ಮುಗಿಯುತ್ತ ಬಂದಿತು. ಉಳಿತಾಯವು ಕಣ್ಣಿಗೆ ಕಾಣುವಂತಿತ್ತು. ಹೆಂಡತಿ ಮುಂದಿನ ಕೋಣೆಯ ಬಾಗಿಲಲ್ಲಿ ನಿಂತು ಒಳಗೆ ನೋಡಿ ನಿಟ್ಟುಸಿರು ಬಿಡುವುದನ್ನು ನಾನು ಎರಡು ಮೂರು ಸಲ ಕಂಡೆ. ಒಂದು ಸಲ ಅವಳ ಕೈಯಲ್ಲಿ ಅಳತೆಯ ಟೇಪಿತ್ತು. ನನ್ನನ್ನು ಕಂಡು ಸೆರಗಿನಲ್ಲಿ ಮುಚ್ಚಿಟ್ಟಳು. ಗೆಲ್ಲುವವನಿಗೆ ಕನಿಕರ ಸುಲಭ. “ಬೇಸರಿಸಬೇಡ, ನನ್ನ ಗ್ರಂಥಾಲಯಕ್ಕೆ ನೀನು ಯಾವಾಗ ಬೇಕಾದರೂ ಬರಬಹುದು” ಎಂದು ಸಮಾಧಾನ ಹೇಳಿದೆ. ಅವಳು ಸರ್ರನೆ ಒಳಗೆ ಹೋದಳು. ಅಡುಗೆಮನೆಯಿಂದ ಹೊಲಿಗೆಯಂತ್ರವನ್ನು ತುಳಿಯುವ ಸದ್ದು ಬಹಳ ಹೊತ್ತು ಬಹಳ ಜೋರಾಗಿ ಕೇಳಿಸುತ್ತಿತ್ತು.

ಆ ಸಂಜೆ ಕಾಲೇಜಿನ ಸಭೆ ನಡೆಯದೆ ಹೋದದ್ದರಿಂದ ನಾನು ಎಂದಿಗಿಂತ ಬೇಗ ಹೊರಟೆ. ಕತ್ತಲು ಇಳಿಯುತ್ತಿತ್ತು. ಔಷಧಿಯ ಅಂಗಡಿಯ ಮುಂದೆ ಯಥಾವಿಧಿಯಾಗಿ ಎಂಜಿನ್ನನ್ನೂ ಕಾರಿನ ದೀಪಗಳನ್ನೂ ಆರಿಸಿದೆ. ಕಾರು ತೇಲತೊಡಗಿತು. ನಡುವೆ ಒಂದು ಬೆಕ್ಕು ಅಡ್ಡ ಬಂದಿತು, ಬ್ರೇಕನ್ನೊತ್ತಿದೆ. ಅದು ಹೋದಂತೆ ಮಾಡಿ ಹಿಂದಿರುಗಿತು, ಮತ್ತೆ ಒತ್ತಿದೆ. ಬೆಕ್ಕು ಮನಸ್ಸು ಬದಲಿಸಿದಷ್ಟು ಸಲವೂ ಒತ್ತಿದೆ. ಎಂಜಿನ್ನು ಮಲಗಿರುವಾಗ ಬ್ರೇಕಿಗೆ ಹಳೆಯ ಬಲವೆಷ್ಟು ಉಳಿದಿರುತ್ತದೋ ಅಷ್ಟೇ, ಒತ್ತಿದಂತೆಲ್ಲ ಅದೂ ಖರ್ಚಾಗುತ್ತದೆ ಎಂಬುದು ನನಗೆ ತಿಳಿದಿರಲಿಲ್ಲ. (ಜೀವಮಾನದಲ್ಲಿ ನಾನು ಮಾಡಿದ ದುಂದುವೆಚ್ಚ ಇದೊಂದೇ.)

ಮನೆ ಸಮೀಪಿಸಿತು. ಎದುರುಮನೆಯವರು ಅಂದು ಯಾವುದೋ ಮದುವೆಗೆ ಹೋಗಿದ್ದರು. ಅವರ ಜಗುಲಿಯ ದೀಪವೂ ಅವರೊಡನೆಯೇ ಹೋದಂತಿತ್ತು. ನಮ್ಮ ದೀಪವೋ ಕಪಾಟಿನಲ್ಲಿತ್ತು. ಗೇಟು ತೆರೆದಿದೆಯೆಂಬ ನಂಬಿಕೆಯಿಂದ ಸ್ಟೀರಿಂಗನ್ನು ತಿರುಗಿಸಿದೆ. ಅದು ಗಾಣದಂತೆ ಭಾರವಾಗಿ ತಿರುಗಿತು. ಗೇಟು ಮುಚ್ಚಿದೆಯೆಂದು ಕಂಡಾಗ ಬ್ರೇಕನ್ನೊತ್ತಿದೆ. ಅದು ಕಲ್ಲಾಗಿತ್ತು.

ಹಂಸವು ಗೇಟನ್ನು ಮುರಿದು, ಅಂಗಳವನ್ನು ದಾಟಿ, ಮುಂದಿನ ಕೋಣೆಯ ಗೋಡೆಯನ್ನು ಕೊಕ್ಕಿನಿಂದ ಕುಕ್ಕಿ ಒಳಹೊಕ್ಕಿತು. ಡಿಕ್ಕಿಯನ್ನು ಖಾಲಿ ಮಾಡಿದ್ದೆನಲ್ಲ. ಈಗ ಆದದ್ದು ತುಂಬಿದ ಡಿಕ್ಕಿ.

ಧೂಳು ಅಡಗಿದಾಗ ನನಗೆ ಒಂದು ಗೀರೂ ಆಗಿರಲಿಲ್ಲ. ನನ್ನ ಕಾರಿನ ಮೂಗು ಕೋಣೆಯೊಳಗಿತ್ತು. ವರ್ಷಗಳಿಂದ ಪ್ರವೇಶಿಸಬೇಕೆಂದಿದ್ದ ಕೋಣೆಯನ್ನು ನಾನು ವಾಹನಾರೂಢನಾಗಿಯೇ ಪ್ರವೇಶಿಸಿದ್ದೆ.

ಹೆಂಡತಿ ಹಿಟ್ಟಿನ ಕೈಯಲ್ಲಿ ಓಡಿಬಂದಳು. ನನ್ನ ಭುಜ, ತಲೆ, ಮುಖವನ್ನೆಲ್ಲ ಮುಟ್ಟಿ ನೋಡಿ, ನಾನು ಇಡಿಯಾಗಿದ್ದೇನೆಂದು ಖಚಿತವಾದ ಮೇಲೆ ಶುರುಮಾಡಿದಳು.

“ಗೇಟು ತೆಗಿ ಅಂತ ಒಂದು ಹಾರನ್ ಮಾಡೋಕೆ ಏನಾಗಿತ್ತು? ಅದರಲ್ಲೂ ಉಳಿತಾಯಾನಾ?”

“ಸದ್ದಿಲ್ಲದೆ ಬರುವುದೇ…”

“ಸದ್ದಿಲ್ಲದೆ! ಇಡೀ ಬೀದಿ ಎದ್ದು ಬಂದಿದೆ ನೋಡಿ, ನಿಮ್ಮ ಮೌನಕ್ಕೆ.”

ಮಗಳು ಗೋಡೆಯ ತೂತಿನಿಂದ ಇಣುಕಿ, “ಅಪ್ಪಾ, ಹಾಗಾದರೆ ಕೋಣೆ ನೀವು ಗೆದ್ದ ಲೆಕ್ಕಾನಾ?” ಎಂದಳು.

ನಾನು ಮೈಮೇಲಿನ ಧೂಳನ್ನು ಕೊಡವಿಕೊಂಡು ಗಂಭೀರವಾಗಿ ಕೆಳಗಿಳಿದೆ. “ಯಾರೂ ಗಾಬರಿಯಾಗಬೇಡಿ. ವಿಮೆಯಿದೆ.”

“ಯಾರಿಗೆ?”

“ಮೂರನೆಯ ವ್ಯಕ್ತಿಗೆ.”

“ಅಂದರೆ?”

“ಅಂದರೆ ನನಗೆ.”

ವಿಮಾನ ಮಾವ ಬಂದಿಳಿದದ್ದು ಮರುದಿನ ಬೆಳಿಗ್ಗೆ. ನಾನು ಪುರುಷತ್ರಯದ ವಿಚಾರವನ್ನು ಅವನಿಗೆ ಸಾವಧಾನವಾಗಿ ವಿವರಿಸಿದೆ. ಅವನು ನಕ್ಕ ನಗುವಿಗೆ ಕುಡಿಯುತ್ತಿದ್ದ ಕಾಫಿ ಮೂಗಿನಿಂದ ಹೊರಬಂದಿತು.

“ಅಯ್ಯೋ ಭಾವ! ಮೊದಲನೆಯವರು ನೀವು. ಎರಡನೆಯದು ಕಂಪನಿ. ಮೂರನೆಯವರು ಅಂದರೆ ಹೊರಗಿನವರು, ನೀವು ಹೋಗಿ ಯಾರಿಗೆ ಗುದ್ದಿದಿರೋ ಅವರು!”

“ಯಾವ ಶಾಸ್ತ್ರದಲ್ಲಿದೆ ಹೀಗೆಂದು?”

“ವಿಮಾಶಾಸ್ತ್ರದಲ್ಲಿ.”

“ಉತ್ತಮ ಪುರುಷನನ್ನು ಮೊದಲಿಗೆ ತರುವುದು ಅಪಪ್ರಯೋಗ.”

“ಅಪಪ್ರಯೋಗವೋ ಅಪಘಾತವೋ, ನಿಮ್ಮ ಕಾರಿಗೆ ಬಿಡಿಗಾಸು ಬರಲ್ಲ. ಮನೆ ವಿಮೆ ಮಾಡಿಸೋಣ ಅಂದರೆ ಕ್ಷಮೆ ಇದೆ ಅಂದಿರಿ. ಈಗ ಕ್ಷಮೇನ ಕಲಸಿ ಇಟ್ಟಿಗೆ ಮಧ್ಯೆ ಮೆತ್ತಿ.”

ಒಂದು ವರ್ಷದ ಉಳಿತಾಯವೆಲ್ಲ ಆ ಗೋಡೆಯ ತೂತಿನಿಂದ ಸಾಲಾಗಿ ಹೊರನಡೆಯುತ್ತಿರುವುದು ಕಂಡಂತಾಯಿತು. ಅಷ್ಟರಲ್ಲಿ ಬಾಗಿಲಿಗೆ ಒರಗಿ ನಿಂತಿದ್ದ ಹೆಂಡತಿ ಮೆಲ್ಲಗೆ ಕೇಳಿದಳು.

“ಲೋ, ಗುದ್ದಿಸಿಕೊಂಡೋರಿಗೆ ಬರುತ್ತೆ ಅಂದೆಯಲ್ಲ. ಈ ಗೋಡೆ ಯಾರದ್ದು?”

ವಿಮಾನ ಮಾವನ ನಗು ಆಕಾಶದಲ್ಲಿಯೇ ನಿಂತಿತು. ಈ ಮನೆಯನ್ನು ಕಟ್ಟಿಸಿದವರು ನನ್ನ ಮಾವನವರು. ಅದನ್ನು ತಮ್ಮ ಮಗಳ, ಎಂದರೆ ನನ್ನ ಹೆಂಡತಿಯ, ಹೆಸರಿಗೆ ಬರೆದುಕೊಟ್ಟದ್ದೂ ಅವರೇ. ಈ ಸಣ್ಣ ವಿವರವನ್ನು ನಾನು ಸಾಮಾನ್ಯವಾಗಿ ನೆನಪಿಟ್ಟುಕೊಳ್ಳುತ್ತಿರಲಿಲ್ಲ. “ನನ್ನ ಮನೆ” ಎಂಬುದೇ ನನ್ನ ಬಾಯಿಗೆ ರೂಢಿ.

“ಕಾರು ಭಾವನದು. ಮನೆ ಅಕ್ಕಂದು” ಎಂದ ಅವನು ತಲೆ ಕೆರೆಯುತ್ತ. “ಒಂದೇ ಸೂರಿನ ಕೆಳಗೆ ಇದ್ದೀರಿ, ಕಷ್ಟ. ಆದರೂ ಹೋರಾಡಿ ನೋಡಬಹುದು. ಅಕ್ಕ, ಲೆಕ್ಕಕ್ಕೆ ನೀನೇ ಮೂರನೆಯವಳು.”

“ನಾನು ಹೊರಗಿನವಳಾ?” ಎಂದು ಅವಳು ಸಿಡುಕಿದಳು. ಆಮೇಲೆ ಏನನ್ನೋ ಯೋಚಿಸಿದಳು. ಆಮೇಲೆ ಅವಳ ಮುಖದಲ್ಲಿ ಬೆಳಗಿದ ಬೆಳಕಿಗೆ ಮೀಟರೇ ಇರಲಿಲ್ಲ. “ಆಗಲಿ, ಹೊರಗಿನವಳೇ.”

ಕೆಲವು ದಿನಗಳ ಮೇಲೆ ನಷ್ಟವನ್ನು ಅಳೆಯಲು ಕಂಪನಿಯ ಸರ್ವೇಯರು ಬಂದ. ಕಡ್ಡಿಯಂಥ ಮನುಷ್ಯ; ನಗುವನ್ನೂ ಟೇಪಿನಿಂದ ಅಳೆದೇ ಕೊಡುವವನು. ಗೋಡೆಯನ್ನು ಸುತ್ತಿ ಬಂದು ನನ್ನೆದುರು ನಿಂತ. ಒಂದು ಪಕ್ಕದಲ್ಲಿ ಹೆಂಡತಿ, ಇನ್ನೊಂದು ಪಕ್ಕದಲ್ಲಿ ವಿಮಾನ ಮಾವ, ಹಿಂದೆ ಮಗಳು.

“ಕಾರು ನಿಮ್ಮದು. ಮನೇಲಿ ನಿಮ್ಮದೂ ಪಾಲಿದೆಯಾ? ಇದ್ದರೆ ನಾವು ಕೊಡೋಕಾಗಲ್ಲ.”

ವಿಮಾನ ಮಾವ ನನ್ನ ಕಾಲನ್ನು ತುಳಿದ.

ಇಷ್ಟು ವರ್ಷ “ನನ್ನ ಮನೆ” ಎಂದು ಮೆರೆದ ನಾಲಗೆ ಒಮ್ಮೆ ಒಣಗಿತು. ತರಗತಿಗಳಲ್ಲಿ ನಾನು ಮಮಕಾರ ತ್ಯಾಗದ ವಿಷಯವಾಗಿ ಬಹಳ ಪಾಠ ಹೇಳಿದ್ದೇನೆ. ಆ ಪಾಠದ ಪರೀಕ್ಷೆ ಒಂದು ಟೇಪು ಹಿಡಿದು ಬರುವುದೆಂದು ಮಾತ್ರ ಊಹಿಸಿರಲಿಲ್ಲ.

“ಇಲ್ಲ” ಎಂದೆ. “ಈ ಮನೆಯಲ್ಲಿ ನನ್ನದೆಂಬುದು ಏನೂ ಇಲ್ಲ. ನಾನು ಇಲ್ಲಿ ಇರುತ್ತೇನೆ, ಅಷ್ಟೆ.”

“ಗೋಡೆ?”

“ಅವಳದು.”

“ಗೇಟು?”

“ಅವಳದು.”

“ಮತ್ತೆ ಈ ರೂಮು? ಇದನ್ನ ನೀವು ಉಪಯೋಗಿಸ್ತೀರಾ? ನಿಮ್ಮ ಉಪಯೋಗದ್ದು ಅಂತಾದರೆ ಮತ್ತೆ ತಕರಾರು.”

ನಾನು ಹೆಂಡತಿಯ ಕಡೆ ನೋಡಿದೆ. ಅವಳು ನನ್ನ ಕಡೆ ನೋಡಿದಳು. ಬೆಳಕು ಆ ತೂತಿನಿಂದ ಧಾರಾಳವಾಗಿ ಒಳಗೆ ಸುರಿಯುತ್ತಿತ್ತು. ನನ್ನ ಗ್ರಂಥಗಳು ಮಂಚದ ಕೆಳಗಿನಿಂದ ನನ್ನನ್ನು ಕೂಗಿದಂತಾಯಿತು.

“ಅದು… ಅವಳ ಹೊಲಿಗೆ ತರಗತಿ” ಎಂದೆ.

“ಯಾವಾಗಿಂದ?”

“ಈಗಿನಿಂದ” ಎನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಹೆಂಡತಿ, “ನಮ್ಮಪ್ಪ ಮನೆ ಕೊಟ್ಟಾಗಿಂದ ಅದಕ್ಕೇ ಅಂತ ಇಟ್ಟಿರೋದು ಸಾರ್” ಎಂದಳು. ಅದು ಅಕ್ಷರಶಃ ಸತ್ಯವೇ ಆಗಿತ್ತು. ನಾನೇ ಈವರೆಗೆ ಯಾರನ್ನೂ ಕೇಳಿರಲಿಲ್ಲ.

ಕಂಪನಿ ಒಂದಿಷ್ಟು ಗೊಣಗಿತು, ವಿಮಾನ ಮಾವ ಹಲವು ಸಲ ಹಾರಿ ಬಂದ, ಕೊನೆಗೆ ಗೋಡೆಗೂ ಗೇಟಿಗೂ ಪರಿಹಾರ ಸಿಕ್ಕಿತು. ಹೇಗೂ ಗೋಡೆ ಬಿದ್ದಿದೆಯಲ್ಲ ಎಂದು ಹೆಂಡತಿ ತೂತಿದ್ದ ಕಡೆಯಲ್ಲಿ ಬೀದಿಗೆ ತೆರೆಯುವ ಒಂದು ಬಾಗಿಲನ್ನೇ ಇಡಿಸಿಕೊಂಡಳು. ಗೇಟಿನ ಮೇಲೆ ದೊಡ್ಡದೊಂದು ದೀಪ ಬಂದಿದೆ. ಎದುರುಮನೆಯವರು ಈಗ ತಮ್ಮದನ್ನು ಹಚ್ಚುವುದಿಲ್ಲ. ಮೋಟಾರು ಮತ್ತೆ ಯಂತ್ರವನ್ನು ಸೇರಿದೆ.

ಹಾಗೆಂದು ನನ್ನ ಯೋಜನೆ ಸೋತಿತೆಂದು ಯಾರೂ ಭಾವಿಸಬಾರದು. ಕಾರು ರಿಪೇರಿಯಾಗದೆ ಅಂಗಳದಲ್ಲಿ ನಿಂತಿದೆ. ನಾನು ಕಾಲೇಜಿಗೆ ನಡೆದೇ ಹೋಗುತ್ತೇನೆ. ಪೆಟ್ರೋಲಿನ ವೆಚ್ಚ ಈಗ ಸೊನ್ನೆ. ಇಳಿಜಾರನ್ನು ಈಗಲೂ ಬಳಸುತ್ತಿದ್ದೇನೆ, ಬರುವಾಗ. ಡಿಕ್ಕಿಯ ತುಂಬ ಹೊಲಿಗೆಯ ಬಟ್ಟೆಯ ತುಂಡುಗಳಿವೆ. ನನ್ನ ಗ್ರಂಥಗಳಿಗೂ ಕೊನೆಗೆ ಒಂದು ನೆಲೆ ಸಿಕ್ಕಿತು: ಹೊಲಿಗೆಯಂತ್ರ ತೆರವು ಮಾಡಿದ ಅಡುಗೆಮನೆಯ ಮೂಲೆ. ಹಿಟ್ಟಿನ ಡಬ್ಬದ ಪಕ್ಕದಲ್ಲಿ ಕುಳಿತು ಓದುತ್ತೇನೆ. ಪುಟ ತಿರುವಿದಾಗ ಒಮ್ಮೊಮ್ಮೆ ಗುಂಡಿ ಸಿಕ್ಕುತ್ತದೆ.

ಮೊನ್ನೆ ತರಗತಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನೀರು ಕುಡಿಯಲೆಂದು ಒಳಬಂದವಳು ನನ್ನನ್ನು ಕಂಡು ಹಿಂದಿರುಗಿ ಹೋಗಿ, “ಮೇಡಂ, ಅಡುಗೆಮನೇಲಿ ಯಾರೋ ಕೂತು ಓದ್ತಿದ್ದಾರಲ್ಲ, ಯಾರು?” ಎಂದು ಕೇಳಿದ್ದು ನನಗೂ ಕೇಳಿಸಿತು.

“ಅವರಾ?” ಎಂದಳು ನನ್ನ ಹೆಂಡತಿ, ಹೊಲಿಯುವುದನ್ನು ನಿಲ್ಲಿಸದೆ. “ಅವರು ಇಲ್ಲೇ ಇರ್ತಾರೆ.”

ನಾನು ಪುಸ್ತಕವನ್ನು ಮುಚ್ಚಿದೆ. “ಅವರು!” ಉತ್ತಮ ಪುರುಷನಾಗಿದ್ದವನು ನನ್ನ… ಅಲ್ಲ, ಅವಳ ಮನೆಯಲ್ಲಿ ಪ್ರಥಮ ಪುರುಷನಾಗಿದ್ದೆ. ಹೇಗಾದರೇನು, ಪ್ರಥಮ ಸ್ಥಾನ ಬಂದಿತಲ್ಲ! ಅಲ್ಲದೆ, ನಾನೂ ಈಗ ಹೊರಗಿನವನೇ ಎಂದ ಮೇಲೆ ಆ ವಿಮೆ ಇನ್ನಾದರೂ ನನಗೆ ಅನ್ವಯಿಸಬೇಕು. ವಿಮಾನ ಮಾವ ಬಂದಿಳಿಯಲಿ, ಕೇಳುತ್ತೇನೆ.